ಅಡುಗೆಮನೆಯಲ್ಲಿ ಹುಟ್ಟಿದ ಪೇಪರುಗಳು

ನಮ್ಮ ಅಡುಗೆಮನೆಯಲ್ಲಿ ಆರು ಜನ ಕೂರುವಷ್ಟು ದೊಡ್ಡ ಮೇಜಿದೆ. ಮನೆಯಲ್ಲಿರುವುದು ಅಮ್ಮ, ಅಕ್ಕ, ನಾನು, ಮೂರೇ ಜನ. ಆದರೂ ಸಂಜೆ ಟೈರಿನಂಗಡಿಯಿಂದ ದಣಿದು ಬಂದರೆ ನನಗೆ ಅಲ್ಲಿ ಕುರ್ಚಿ ಸಿಗುತ್ತಿರಲಿಲ್ಲ. ಅಕ್ಕ ಕೆಲಸ ಮಾಡುವ ಮಣ್ಣಿನ ಸಂಶೋಧನಾ ಕೇಂದ್ರದ ಅರ್ಧ ಜನ ಅಲ್ಲೇ ಇರುತ್ತಿದ್ದರು. ಬಾಗಿಲ ಬಳಿ ಕೆಸರು ಮೆತ್ತಿದ ಬೂಟುಗಳು, ಮೇಜಿನ ತುಂಬ ಲ್ಯಾಪ್‌ಟಾಪುಗಳು, ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಣ್ಣು. ಒಮ್ಮೆ ಅಮ್ಮ ಕನ್ನಡಕವಿಲ್ಲದೆ ಅದನ್ನು ಟೀಪುಡಿಯೆಂದು ಡಬ್ಬಿಗೆ ಸುರಿದಿದ್ದಳು. ಅವತ್ತು ಆ ಮಣ್ಣಿನ ಒಡೆಯರಾದ ಉಪ್ಪಿನ ಸಾರ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕೂತದ್ದನ್ನು ನೋಡಬೇಕಿತ್ತು. ಉಪ್ಪು ಹತ್ತಿದ ಹೊಲಗಳ ಮೇಲೆ ಕೆಲಸ ಮಾಡಿಯೇ ಕೂದಲು ನರೆತವರು ಅವರು, ಅದಕ್ಕೇ ಆ ಹೆಸರು.

ನಾನು ನಿಂತೇ ಟೀ ಕುಡಿಯುತ್ತಿದ್ದೆ. ಅಷ್ಟೂ ಜನಕ್ಕೆ ಟೀ ಮಾಡುತ್ತಿದ್ದವನೂ ನಾನೇ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ, ಇನ್ನು ಒಬ್ಬರ ಮುಖ ಒಬ್ಬರು ನೋಡುವುದು ಬೇಡವೆಂದು ಹೆಡ್‌ಮಾಸ್ತರರೂ ನಾನೂ ಒಮ್ಮತಕ್ಕೆ ಬಂದೆವು ಅನ್ನಬಹುದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ಇವನ ತಲೆ ಮೇಲೆ ಪಾತ್ರೆ ಇಟ್ರೆ ಗ್ಯಾಸ್ ಉಳಿಯುತ್ತೆ" ಅನ್ನುತ್ತಾಳೆ ಅಮ್ಮ. ಇರಲಿ. ಈ ವಿಷಯದಲ್ಲಿ ನನ್ನ ಕೋಪಕ್ಕೆ ಕಾರಣವಿತ್ತು.

ಅಕ್ಕನನ್ನು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ವಿದೇಶಕ್ಕೆ ಕಳಿಸಿತ್ತು. ಓದು ಮುಗಿದ ಮೇಲೆ ತಿರುಗಿ ಬಂದು ಇದೇ ಕೇಂದ್ರದಲ್ಲಿ ಸಂಶೋಧನೆ ಮಾಡಬೇಕು ಅನ್ನುವುದೊಂದೇ ಷರತ್ತು. ಹುಲ್ಲಿನ ಬೇರು ಮಣ್ಣನ್ನು ಹೇಗೆ ಹಿಡಿದಿಡುತ್ತದೆ ಅನ್ನುವುದನ್ನು ನಾಲ್ಕು ವರ್ಷ ಓದಿ ಅವಳು ಬಂದಳು. ಬಂದವಳಿಗೆ ಕೇಂದ್ರದವರು ಏನು ಕೊಟ್ಟರು? ಕೆಳಮಹಡಿಯ ಮೂಲೆಯಲ್ಲಿ ಒಂದು ಪ್ರಯೋಗಾಲಯ ಕೊಟ್ಟರು, ಆದರೆ ಅದರೊಳಗೆ ಒಂದು ಗಂಟೆ ಕೂರಲು ಬಿಡಲಿಲ್ಲ. ಹೊರಗಿನಿಂದ ಯಾರೇ ಬರಲಿ, "ವಿದೇಶಕ್ಕೆ ಹೋಗಿ ಬಂದೋರನ್ನ ಕರೀರಿ." ಭಾಷಣ ಬರೆಯಬೇಕೇ, "ಹೋಗಿ ಬಂದೋರಿದ್ದಾರಲ್ಲ." ಆ ಸಮಿತಿ, ಈ ಸಮಿತಿ, ಕಟ್ಟಡಕ್ಕೆ ಬಣ್ಣ ಆರಿಸುವ ಸಮಿತಿ. ಒಬ್ಬಳನ್ನು ಅಷ್ಟು ದೂರ ಕಳಿಸಿ, ಅಷ್ಟು ಓದಿಸಿ, ಕೊನೆಗೆ ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಲ್ಲಿಸುವುದೆಂದರೆ! ಹೊಸ ಟೈರನ್ನು ಗೋಡೆಗೆ ನೇತುಹಾಕಿ ಅದರೊಳಗೆ ಗಿಡ ಬೆಳೆಸಿದ ಹಾಗೆ.

ಹಗಲೆಲ್ಲ ಅದು. ಸಂಜೆ ಮನೆಗೆ ಬಂದರೆ ಇವರು. "ಈ ಲೆಕ್ಕ ಯಾಕೋ ಕೂಡ್ತಿಲ್ಲ, ಒಂಚೂರು ನೋಡ್ತೀಯಾ?" "ಈ ಪ್ಯಾರಾ ಓದಿ ಹೇಳಮ್ಮ." ಅವಳು ಓದುತ್ತಿದ್ದಳು, ಕೇಳುತ್ತಿದ್ದಳು, ಬೈಯುತ್ತಿದ್ದಳು, ಪೆನ್ನು ಕಿತ್ತುಕೊಂಡು ಗೀಚುತ್ತಿದ್ದಳು. ತಿಂಗಳೆರಡು ತಿಂಗಳಿಗೆ ಅದು ಸಂಶೋಧನಾ ಪೇಪರಾಗಿ ಅವರ ಹೆಸರಿನಲ್ಲಿ ಯಾವುದೋ ದೊಡ್ಡ ಜರ್ನಲ್ಲಿನಲ್ಲಿ ಬರುತ್ತಿತ್ತು. ಅವರು ಬಿಸ್ಕತ್ತಿನ ಪೊಟ್ಟಣ ತಂದುಕೊಟ್ಟು ಇನ್ನೊಂದು ಶುರು ಮಾಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವನು ಒಂದ್‌ಮಾರ್ಕು. ಅವನೂ ಅಕ್ಕನೂ ಸಹಪಾಠಿಗಳು, ಒಂದೇ ಬೆಂಚು. ಅದೇ ವಿದ್ಯಾರ್ಥಿವೇತನದ ಪರೀಕ್ಷೆ ಅವನೂ ಬರೆದಿದ್ದ. ಒಂದೇ ಒಂದು ಅಂಕದಲ್ಲಿ ತಪ್ಪಿತು. ಆ ಅಂಕವನ್ನು ಅವನು ಯಾರಿಗೂ ಮರೆಯಲು ಬಿಟ್ಟಿಲ್ಲ, ಅದಕ್ಕೇ ಈ ಹೆಸರು. "ಹೋಗದೇನೂ ಸಾಧಿಸಬಹುದು ಅಂತ ತೋರಿಸಿದೀನಿ" ಎಂದು ನಮ್ಮದೇ ಮೇಜಿನ ಮುಂದೆ ಕೂತು, ನಾನು ಮಾಡಿದ ಟೀ ಹೀರುತ್ತ ಹೇಳುತ್ತಿದ್ದ. ಆಗೆಲ್ಲ ನಾನು ಕೆಟಲನ್ನು ಒಲೆಯ ಮೇಲೆ ಕುಕ್ಕುತ್ತಿದ್ದೆ.

ಹೀಗಿರುವಾಗ ಸರ್ಕಾರದವರಿಗೆ ಒಂದು ಸಂಶಯ ಬಂತು: ಇಷ್ಟು ವರ್ಷ ಇಷ್ಟು ಜನರನ್ನು ಹೊರಗೆ ಕಳಿಸಿದ್ದರಿಂದ ಸಂಶೋಧನೆ ಏನಾದರೂ ಹೆಚ್ಚಿತೋ? ನೋಡಿ ಬರಲು ಒಬ್ಬ ಹುಡುಗಿಯನ್ನು ಕಳಿಸಿದರು. ನನ್ನ ವಯಸ್ಸಿನವಳೇ ಇರಬೇಕು. ಅವಳಿಗಿಂತ ದೊಡ್ಡ ಚೀಲ, ಯಾವಾಗಲೂ ಜಾರುವ ಕನ್ನಡಕ. ಎಲ್ಲರೂ ಲೆಕ್ಕದ ಮೇಡಂ ಅನ್ನುತ್ತಿದ್ದರು. ಅವಳ ವಿಧಾನ ಸರಳ. ಹೋದವರನ್ನೂ, ಕೂದಲೆಳೆಯಲ್ಲಿ ತಪ್ಪಿ ಉಳಿದವರನ್ನೂ ಪಕ್ಕಪಕ್ಕ ನಿಲ್ಲಿಸುವುದು. ಇಬ್ಬರ ಬುದ್ಧಿಯೂ ಹೆಚ್ಚುಕಡಿಮೆ ಒಂದೇ, ಪ್ರಯಾಣ ಮಾತ್ರ ಬೇರೆ. ಆಮೇಲೆ ಯಾರು ಎಷ್ಟು ಪೇಪರು ಬರೆದರು ಎಂದು ನೋಡುವುದು.

ಅವಳಿಗೆ ಅಕ್ಕ ಮತ್ತು ಒಂದ್‌ಮಾರ್ಕು ಸಿಕ್ಕರು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು?

ಒಂದ್‌ಮಾರ್ಕಿನ ಪೇಪರುಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಲವು. ಅಕ್ಕ ಬಂದ ಮೇಲೆ ಬರೆದದ್ದು ಒಂದು, ಅದೂ ಅಲ್ಲಿದ್ದಾಗ ಶುರು ಮಾಡಿದ್ದು.

ಡೈರೆಕ್ಟರು ಅಕ್ಕನನ್ನು ಕರೆಸಿ, ಬಹಳ ಪ್ರೀತಿಯಿಂದಲೇ, ಹೇಳಿದರಂತೆ: "ಬೇಜಾರು ಮಾಡ್ಕೋಬೇಡಮ್ಮ. ಸಂಶೋಧನೆ ಎಲ್ಲರಿಗೂ ಒಗ್ಗಲ್ಲ. ಮಳೆಗಾಲ ಮುಗಿದ ಮೇಲೆ ಪರಿಶೀಲನಾ ಸಭೆ ಇದೆ. ಅಷ್ಟರೊಳಗೆ ನಿನ್ನದು ಅಂತ ಒಂದು ಪೇಪರ್ ತೋರಿಸು. ಇಲ್ಲಾಂದ್ರೆ ಮೇಲಿನ ಮಹಡೀಲಿ ಅತಿಥಿ ವಿಭಾಗ ಮಾಡ್ತಿದೀವಿ, ನೀನೇ ಮುಖ್ಯಸ್ಥೆ. ನೆಲಕ್ಕೆ ಕಾರ್ಪೆಟ್ ಹಾಕಿಸಿದೀನಿ. ಕೆಳಗಿನ ಕೋಣೆ ಬೇರೆಯೋರಿಗೆ ಆಗುತ್ತೆ."

ಅಕ್ಕ ಅದನ್ನು ನಗುತ್ತಲೇ ಹೇಳಿದಳು. ಆಮೇಲೆ ತಟ್ಟೆ ಸರಿಸಿ ಎದ್ದು ಹೋದಳು. ಅವಳಿಗೆ ಆ ಮೂಲೆಯ ಕೋಣೆಯೆಂದರೆ ಪ್ರಾಣ. ಅಲ್ಲಿ ಕಿಟಕಿಯುದ್ದಕ್ಕೂ ಗಾಜಿನ ಪೆಟ್ಟಿಗೆಗಳಿವೆ, ಒಳಗೆ ಬೇರು ಇಳಿಯುವುದು ಕಾಣುತ್ತದೆ. ಎಷ್ಟೇ ಸಮಿತಿಗಳಿದ್ದರೂ ಬೆಳಿಗ್ಗೆ ಹೋದವಳು ಮೊದಲು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಸುತ್ತು ನೋಡಿಯೇ ಮೇಲೇಳುತ್ತಿದ್ದಳು.

ನನ್ನ ಮೈ ಉರಿದುಹೋಯಿತು. ಡೈರೆಕ್ಟರ ಹತ್ತಿರ ನನ್ನ ಆಟ ನಡೆಯದು. ಆದರೆ ಮನೆ ಬಾಗಿಲು ನಮ್ಮದೇ ತಾನೆ?

ಮಾರನೆಯ ದಿನದಿಂದ ಸಂಜೆ ಅಂಗಡಿಯಿಂದ ಬೇಗ ಬಂದು ಗೇಟಿನ ಬಳಿ ಸ್ಟೂಲು ಹಾಕಿಕೊಂಡು ಕೂತೆ. ಕೈಯಲ್ಲಿ ಟೈರು ಬಿಚ್ಚುವ ಸರಳು. ಅದರಿಂದ ಯಾರಿಗೂ ಹೊಡೆಯುವ ಇರಾದೆ ಇರಲಿಲ್ಲ. ಕೈಗೆ ಏನಾದರೂ ಇರಲಿ ಅಂತ. ಅಕ್ಕ ಕೇಳಿದರೆ ಗಾಳಿಗೆ ಕೂತಿದ್ದೇನೆ ಅನ್ನುತ್ತಿದ್ದೆ.

ಮೊದಲು ಬಂದವರು ಉಪ್ಪಿನ ಸಾರ್. "ಅಕ್ಕ ಇದಾರಾ ಮಗಾ?"

"ಇಲ್ಲ ಸಾರ್. ತಲೆನೋವು, ಮಲಗಿದಾಳೆ."

"ಇಲ್ವೋ, ಮಲಗಿದಾಳೋ?"

"ಮಲಗಿದಾಳೆ, ಅದಕ್ಕೇ ಇಲ್ಲ."

ಅವರು ಸರಳನ್ನು ನೋಡಿ, ನನ್ನನ್ನು ನೋಡಿ, ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು. ಪ್ರಯೋಗಾಲಯದ ಕಿರಿಯ ಹುಡುಗಿಯರು ಬಂದರು, ಹೋದರು. ಒಂದ್‌ಮಾರ್ಕು ಮಾತ್ರ ಅಷ್ಟು ಸುಲಭದ ಆಸಾಮಿಯಲ್ಲ.

"ಸರಿ ಸ್ವಲ್ಪ" ಎಂದ.

"ಅಕ್ಕ ಊರಲ್ಲಿಲ್ಲ."

"ಹೌದಾ? ಒಳಗೆ ಕೆಮ್ಮಿದ್ದು ಯಾರು?"

"ಅಮ್ಮ."

"ಅಮ್ಮ ನಿನ್ನ ಹಿಂದೇನೇ ನಿಂತಿದಾರೆ ಕಣೋ."

ತಿರುಗಿ ನೋಡಿದೆ. ಅಮ್ಮ ಬಟ್ಟೆ ಒಣಹಾಕುತ್ತ ನಿಂತಿದ್ದಳು. "ನನ್ನ ಎಳೀಬೇಡಪ್ಪ ಇದ್ರೊಳಗೆ" ಅಂದಳು.

ನನಗೆ ರೇಗಿತು. "ನೋಡಿ ಸಾರ್, ನೇರವಾಗಿ ಹೇಳ್ತೀನಿ. ಇದು ಮನೆ, ನಿಮ್ಮ ಪೇಪರಿನ ಕಾರ್ಖಾನೆ ಅಲ್ಲ. ನೀವು ಬರೀರಿ, ನಿಮ್ಮ ಹೆಸರು ಹಾಕ್ಕೊಳ್ಳಿ, ಬೇಡ ಅಂದೋರು ಯಾರು? ನಿಮ್ಮ ಮನೇಲಿ ಬರೀರಿ."

ಅವನ ಮುಖ ಹುಳ್ಳಗಾಯಿತು. "ಅವಳೇ ಹಾಗಂದ್ಲಾ?"

ಇಲ್ಲ ಅನ್ನಬೇಕಿತ್ತು. "ಮತ್ತೆ?" ಅಂದೆ.

ಅವನು ಮತ್ತೆ ಬರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಬರುವುದು ನಿಲ್ಲಿಸಿದರು. ಆರು ಕುರ್ಚಿಯಲ್ಲಿ ಯಾವುದರಲ್ಲಿ ಬೇಕಾದರೂ ನಾನು ಕೂರಬಹುದಾಯಿತು. ಒಂದು ಸಂಜೆ ಒಂದೊಂದರಲ್ಲಿ ಕೂತು ನೋಡಿದೆ. ಮಹಾರಾಜನ ಹಾಗೆ.

ಅಕ್ಕ ಮಾತ್ರ ಬರೆಯಲಿಲ್ಲ. ಲ್ಯಾಪ್‌ಟಾಪು ತೆರೆಯುತ್ತಿದ್ದಳು, ಒಂದು ಸಾಲು ಬರೆದು ಅಳಿಸುತ್ತಿದ್ದಳು. ಫ್ಯಾನಿನ ರೆಕ್ಕೆ ಒರೆಸಿದಳು. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದಳು. ನನ್ನ ಅಂಗಿಗಳಿಗೆ ಇಸ್ತ್ರಿ ಹಾಕಿದಳು, ಟೈರಿನಂಗಡಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ ನನ್ನನ್ನು ನೋಡಿ ಮಾಲೀಕರು "ಏನೋ, ಹೆಣ್ಣು ನೋಡೋಕೆ ಹೋಗ್ತಿದೀಯಾ?" ಅಂದರು. ನಾನು ಅಂದುಕೊಂಡೆ, ಇನ್ನೂ ಬಿಸಿಯೇರಿಲ್ಲ, ಇಂಜಿನ್ನು ತಣ್ಣಗಿದೆ, ಇವತ್ತಲ್ಲ ನಾಳೆ ಹಿಡಿದುಕೊಳ್ಳುತ್ತದೆ.

ಮಳೆ ಶುರುವಾಗಿ, ಜೋರಾಗಿ, ಕಡಿಮೆಯಾಗುತ್ತ ಬಂತು. ಇಂಜಿನ್ನು ಹಿಡಿಯಲಿಲ್ಲ.

ಒಂದು ಭಾನುವಾರ ಲೆಕ್ಕದ ಮೇಡಂ ಮನೆಗೇ ಬಂದಳು. ಅವಳ ಅಧ್ಯಯನದಲ್ಲಿ ಮನೆಯವರ ಜೊತೆ ಮಾತಾಡುವ ಭಾಗವೂ ಇತ್ತು. ಅಕ್ಕ ಹಿತ್ತಲಲ್ಲಿ ಕುಂಡಗಳಿಗೆ ಮಣ್ಣು ಹಾಕುತ್ತಿದ್ದಳು. ಮೇಡಂ ಅಮ್ಮನನ್ನೂ ನನ್ನನ್ನೂ ಮೇಜಿನ ಮುಂದೆ ಕೂರಿಸಿಕೊಂಡು ಲ್ಯಾಪ್‌ಟಾಪು ತೆರೆದಳು.

"ಅವರು ಮನೇಲಿ ಸಂಶೋಧನೆಗೆ ಎಷ್ಟು ಸಮಯ ಕೊಡ್ತಾರೆ?"

"ಯಾರ ಸಂಶೋಧನೆಗೆ?" ಅಂದೆ ನಾನು.

"ಅಂದ್ರೆ?"

ಅಷ್ಟೇ ಸಾಕಾಯಿತು. ಹೊಟ್ಟೆಯೊಳಗಿದ್ದದ್ದೆಲ್ಲ ಹೊರಗೆ ಬಂತು. "ನೀವು ಪೇಪರು ಎಣಿಸ್ತಿದೀರಲ್ಲ ಮೇಡಂ, ಅವೆಲ್ಲ ಎಲ್ಲಿ ಹುಟ್ಟಿದ್ದು ಗೊತ್ತಾ? ಇದೇ ಮೇಜು. ನೀವು ಕೂತಿರೋ ಕುರ್ಚಿ ಒಂದ್‌ಮಾರ್ಕಿಂದು. ಆ ಮೂಲೇದು ಉಪ್ಪಿನ ಸಾರ್ದು. ಟೀ ನಂದು. ತಲೆ ಅಕ್ಕಂದು. ಹೆಸರು ಮಾತ್ರ ಊರೋರ್ದು. ಆಮೇಲೆ ನೀವು ಬಂದು, ವಿದೇಶಕ್ಕೆ ಹೋದೋಳು ಏನೂ ಮಾಡಿಲ್ಲ, ಉಳಿದೋನು ರಾಶಿ ಹಾಕಿದಾನೆ ಅಂತೀರಿ!"

ಅವಳು ಕನ್ನಡಕ ಮೇಲೆ ತಳ್ಳಿದಳು. ಸಿಟ್ಟು ಬಂದಂತೆ ಕಾಣಲಿಲ್ಲ. "ಈಗ್ಲೂ ಬರ್ತಾರಾ?"

"ಎಲ್ಲಿ ಬರ್ತಾರೆ" ಅಮ್ಮ ಅಂದಳು, ಸಕ್ಕರೆ ಡಬ್ಬಿ ತಳ್ಳುತ್ತ. "ಇವನು ಕಬ್ಬಿಣದ ಸರಳು ಹಿಡ್ಕೊಂಡು ಗೇಟಲ್ಲಿ ಕೂತಿದಾನಲ್ಲ. ಮಳೆ ಶುರುವಾದಾಗಿಂದ ಒಂದು ನರಪಿಳ್ಳೆ ಒಳಗೆ ಬಂದಿಲ್ಲ."

ಲೆಕ್ಕದ ಮೇಡಂ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಬಿತ್ತು. "ಬಾಗಿಲು ಹಾಕಿದೀರಾ? ಪೂರ್ತಿಯಾಗಿ? ಎಲ್ಲರಿಗೂ?"

"ಎಲ್ಲರಿಗೂ" ಎಂದೆ. ಅವಳು ಪೊಲೀಸಿಗೆ ಹೇಳುತ್ತಾಳೇನೋ ಅನ್ನಿಸಿತು.

ಅವಳು ಎರಡೂ ಕೈಯಿಂದ ಮೇಜು ತಟ್ಟಿದಳು. "ಅಯ್ಯೋ, ಎಷ್ಟು ಚೆನ್ನಾಗಾಯ್ತು!" ಅಂದಳು. ಲಾಟರಿ ಹೊಡೆದವರ ಮುಖ ಹಾಗಿರುತ್ತದೆ. "ನಾವಾಗಿ ಇಂಥದ್ದು ಮಾಡೋಕೆ ಯಾರೂ ಅನುಮತಿ ಕೊಡಲ್ಲ, ಗೊತ್ತಾ? ನಿಮ್ಮಕ್ಕ ಇಲ್ಲದೆ ಅವರೆಲ್ಲ ಎಷ್ಟು ಬರೀತಾರೆ ಅಂತ ಈಗ ಕಾಣುತ್ತೆ!"

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಮೊಣಕೈವರೆಗೆ ಮಣ್ಣು.

"ನೀನಾ?" ಎಂದಳು.

ನಾನು ಬಿಸ್ಕತ್ತಿನ ತಟ್ಟೆಯನ್ನು ಅವಳತ್ತ ತಳ್ಳಿದೆ.

"ನಾನೇನು ಅಂದ್ಕೊಂಡಿದ್ದೆ ಗೊತ್ತೇನೋ? ಮೇಲಿನ ಮಹಡಿಗೆ ಹೋಗೋಳ ಹತ್ರ ಇನ್ನೇನು ಕೆಲಸ ಅಂತ ಎಲ್ಲರೂ ಬಿಟ್ಟುಬಿಟ್ರು ಅಂದ್ಕೊಂಡಿದ್ದೆ. ಆಫೀಸಲ್ಲಿ ಒಂದ್‌ಮಾರ್ಕು ಎದುರಿಗೆ ಬಂದ್ರೆ ಮುಖ ತಿರುಗಿಸ್ತಾನೆ. ನಾನೂ ತಿರುಗಿಸ್ತೀನಿ. ಎರಡು ತಿಂಗಳಿಂದ ಇಬ್ಬರಿಗೂ ಕತ್ತು ನೋವು!"

"ನಿನಗೆ ಟೈಮ್ ಸಿಗ್ಲಿ ಅಂತ ಅಕ್ಕಾ. ಅವರೆಲ್ಲ ನಿನ್ನ ತಲೆ ತಿಂತಿದ್ರು."

"ನಾನೂ ಅವರ ತಲೆ ತಿಂತಿದ್ದೆ ಕಣೋ ಪೆದ್ದಾ! ಒಬ್ಬಳೇ ಕೂತ್ರೆ ನನಗೆ ಏನೂ ಹೊಳೆಯಲ್ಲ. ಅವನು ಏನೋ ಒಂದು ತಪ್ಪು ಹೇಳ್ತಾನೆ, ನಾನು ಬೈತೀನಿ, ಬೈತಾ ಬೈತಾ ನನಗೇ ಏನೋ ಗೊತ್ತಾಗುತ್ತೆ. ಅಲ್ಲಿ ನಾಲ್ಕು ವರ್ಷ ಕಲಿತಿದ್ದು ಅದನ್ನೇ. ಯಂತ್ರಾನ ಯಾರು ಬೇಕಾದ್ರೂ ಕಲೀತಾರೆ. ಒಂದು ಮೇಜು ಹಾಕ್ಕೊಂಡು, ದಡ್ಡ ಪ್ರಶ್ನೆ ಕೇಳಿ, ಯಾರ ಮರ್ಯಾದೇನೂ ಹೋಗದ ಹಾಗೆ ಜಗಳ ಆಡೋದಿದೆ ನೋಡು, ಅದು. ಇಲ್ಲಿ ನಮ್ಮ ಸಭಾಂಗಣದಲ್ಲಿ ಪ್ರಶ್ನೆ ಕೇಳಬೇಕಾದ್ರೆ ಚೀಟಿ ಬರೆದು ಡೈರೆಕ್ಟರ ಡಬ್ಬಿಗೆ ಹಾಕಬೇಕು. ಅವರು ಎರಡು ಆರಿಸಿ ಓದ್ತಾರೆ. ಮಿಕ್ಕಿದ್ದು ಕಸದ ಬುಟ್ಟಿಗೆ. ಎಲ್ಲಿ ಮಾತಾಡ್ಲಿ ನಾನು, ಈ ಅಡುಗೆಮನೇಲಲ್ದೆ?"

ಲೆಕ್ಕದ ಮೇಡಂ ಟೀಯೊಳಗಿನ ಬಿಸ್ಕತ್ತನ್ನು ಮರೆತು ಟಪಟಪ ಟೈಪು ಮಾಡುತ್ತಿದ್ದಳು.

"ಹೋಗು" ಅಕ್ಕ ಅಂದಳು ನನಗೆ. "ಅವನನ್ನ ಕರ್ಕೊಂಡು ಬಾ. ಬರಲ್ಲ ಅಂದ್ರೆ ಹೊತ್ಕೊಂಡು ಬಾ."

ಒಂದ್‌ಮಾರ್ಕು ಕೇಂದ್ರದ ಹಿಂದಿನ ಷೆಡ್ಡಿನಲ್ಲಿದ್ದ. ಅಲ್ಲಿ ಅವನ ಟ್ರೇಗಳಿವೆ, ಬಾಗಿಲಿನಷ್ಟು ಅಗಲದ ತಗಡಿನ ತಟ್ಟೆಗಳು. ಅದರಲ್ಲಿ ಮಣ್ಣು ತುಂಬಿ, ಹುಲ್ಲು ಬೆಳೆಸಿ, ಓರೆಯಾಗಿ ನಿಲ್ಲಿಸಿ ಮೇಲಿಂದ ನೀರು ಬಿಡುತ್ತಾನೆ. ಎಷ್ಟು ಮಣ್ಣು ಕೊಚ್ಚಿಹೋಗಿ ಕೆಳಗಿನ ಬಕೆಟ್ಟಿಗೆ ಬಿತ್ತು ಎಂದು ತೂಗುತ್ತಾನೆ. ನಾನು ಹೋದಾಗ ಬಕೆಟ್ಟಿಗೆ ಬೈಯುತ್ತಿದ್ದ.

"ಸಾರ್, ಅಕ್ಕ ಕರೀತಿದಾಳೆ."

"ನಾನು ಊರಲ್ಲಿಲ್ಲ."

"ಸಾರ್..."

"ತಲೆನೋವು. ಮಲಗಿದೀನಿ."

ಇನ್ನೊಬ್ಬನಾಗಿದ್ದರೆ ಕ್ಷಮೆ ಕೇಳುತ್ತಿದ್ದ. ನನಗೆ ಅದು ಬಾಯಿಗೆ ಬರುವುದಿಲ್ಲ, ಗಂಟಲಲ್ಲೇ ಗಾಳಿ ಹೋಗುತ್ತದೆ. "ಸಾರ್, ಅಕ್ಕ ಏನೂ ಅನ್ಲಿಲ್ಲ, ಎಲ್ಲ ನನ್ನ ಕಿತಾಪತಿ. ಬೇಕಾದ್ರೆ ಎರಡೇಟು ಹಾಕಿ, ಆದ್ರೆ ಬನ್ನಿ" ಅಂದೆ.

ಅವನು ಬಕೆಟ್ಟು ಕೆಳಗಿಟ್ಟ. ಆಮೇಲೆ ಟ್ರೇ ಕಡೆ ಕೈ ತೋರಿಸಿ, "ಇದು ಹುಲ್ಲಿರೋದು. ಇದು ಖಾಲಿ, ಬರೀ ಮಣ್ಣು. ಖಾಲಿ ಟ್ರೇ ಮಣ್ಣನ್ನ ಹೆಚ್ಚು ಹಿಡಿದಿದೆ. ಹುಲ್ಲಿಗಿಂತ! ತಲೆ ಕೆಟ್ಟುಹೋಗಿದೆ ನನಗೆ. ಯಾರನ್ನ ಕೇಳಬೇಕು ಹೇಳು ನಾನು? ನಿನ್ನ ಸರಳನ್ನ ಕೇಳ್ಲಾ?" ಎಂದ. ಧ್ವನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

ಆ ಸಂಜೆ ನಮ್ಮ ಅಡುಗೆಮನೆ ಹೊತ್ತಿ ಉರಿಯಿತು ಅನ್ನಬೇಕು. ಉಪ್ಪಿನ ಸಾರ್ ಬಂದರು, ಹುಡುಗಿಯರು ಬಂದರು, ಲೆಕ್ಕದ ಮೇಡಂ ಹೋಗಲೇ ಇಲ್ಲ. ಅಕ್ಕನೂ ಒಂದ್‌ಮಾರ್ಕೂ ಮೊದಲ ಐದು ನಿಮಿಷ ಒಬ್ಬರಿಗೊಬ್ಬರು ತೀರಾ ಗೌರವದಿಂದ ಮಾತಾಡಿದರು. ಕೇಳಲಿಕ್ಕೇ ಭಯವಾಗುತ್ತಿತ್ತು. ಆಮೇಲೆ ಅಕ್ಕ ಅಂದಳು:

"ಖಾಲಿ ಟ್ರೇ ಅಂದ್ಯಲ್ಲ, ಅದು ನಿಜವಾಗ್ಲೂ ಖಾಲೀನಾ?"

"ಹುಲ್ಲಿಲ್ಲ ಅಂದ್ರೆ ಖಾಲಿ ತಾನೆ?"

"ಮಣ್ಣು ಹೊಸದಾ?"

ಒಂದ್‌ಮಾರ್ಕು ತಲೆ ಕೆರೆದುಕೊಂಡ. "ಹೋದ ವರ್ಷದ್ದೇ. ಹುಲ್ಲು ಕೊಯ್ದು ತೆಗೆದಿದೀನಿ ಮೇಲಿಂದ."

"ಜರಡಿ ಹಿಡಿದ್ಯಾ?"

"...ಇಲ್ಲ."

"ಜರಡಿ ಹಿಡೀದೆ ಹಳೇ ಮಣ್ಣು ಹಾಕಿದ್ಯಾ! ನಾನು ಎಷ್ಟು ಸಲ ಬಡ್ಕೊಂಡಿದೀನಿ..."

"ಬಡ್ಕೊಳ್ಳೋಕೆ ನೀನೆಲ್ಲಿದ್ದೆ? ಗೇಟಲ್ಲಿ ನಿನ್ನ ತಮ್ಮ ದ್ವಾರಪಾಲಕ!"

ಬೈಯಲು ಎತ್ತಿದ ಅಕ್ಕನ ಕೈ ಗಾಳಿಯಲ್ಲೇ ನಿಂತಿತು. "ಬೇರು ಒಳಗೇ ಇದೆ" ಎಂದಳು, ಮೆಲ್ಲಗೆ. "ಸತ್ತ ಬೇರು. ಹೊಸ ಹುಲ್ಲಿನ ಬೇರು ಇನ್ನೂ ಎಳೇದು, ಮೇಲೆ ಮೇಲೆ ಇದೆ. ಸತ್ತಿದ್ದು ಆಳಕ್ಕೆ ಹೋಗಿತ್ತು. ಅದು ಇನ್ನೂ ಹಿಡ್ಕೊಂಡಿದೆ. ಎಲ್ಲರೂ ಬದುಕಿರೋ ಬೇರನ್ನೇ ಅಳೀತಾ ಇದೀವಿ. ಸತ್ತ ಮೇಲೆ ಎಷ್ಟು ದಿನ ಹಿಡಿದಿರುತ್ತೆ ಅಂತ... ಲೋ, ಇದನ್ನ ನನ್ನ ಗಾಜಿನ ಪೆಟ್ಟಿಗೇಲಿ ನೋಡಬಹುದು!"

"ಇದು ನಿಂದು" ಒಂದ್‌ಮಾರ್ಕು ಅಂದ. ಆ ಮಾತು ಆಡಲು ಅವನಿಗೆ ಕಷ್ಟವಾಯಿತೆಂದು ಮುಖದಲ್ಲೇ ಕಾಣುತ್ತಿತ್ತು. "ಟ್ರೇ ನಂದು, ಪ್ರಶ್ನೆ ನಿಂದು. ಬರಿ."

"ಅಂದ್ರೆ, ನಾನು ಗೇಟ್ ಹಾಕದೆ ಇದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ" ಎಂದು ನಾನು ಒಲೆಯ ಕಡೆಯಿಂದ ಹೇಳಿದೆ. ಅಕ್ಕ ಬಿಸ್ಕತ್ತೆಸೆದಳು. ಕಿವಿಗೆ ತಾಗಿತು.

ಆದರೆ ಸಭೆಗೆ ಉಳಿದದ್ದು ಕೆಲವೇ ದಿನ. ಪೇಪರು ಎಂದರೆ ಬೋಂಡ ಅಲ್ಲ, ಎಣ್ಣೆಗೆ ಬಿಟ್ಟು ತೆಗೆಯಲು. ಅಕ್ಕ ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿ ಸತ್ತ ಬೇರಿನ ಪ್ರಯೋಗ ಶುರು ಮಾಡಿದ್ದಳು, ಅಷ್ಟೇ.

ಸಭೆಗೆ ನನ್ನನ್ನೂ ಕರೆದರು. ಕರೆದದ್ದು ಲೆಕ್ಕದ ಮೇಡಂ. ಬಾಗಿಲು ಹಾಕಿದವನು ಹಾಜರಿರಬೇಕಂತೆ. ಕೈಯ ಗ್ರೀಸು ಎಷ್ಟು ತಿಕ್ಕಿದರೂ ಹೋಗದೆ, ಕೈಗಳನ್ನು ಹಿಂದೆ ಕಟ್ಟಿಕೊಂಡು ಬಾಗಿಲ ಪಕ್ಕ ನಿಂತೆ. ಉದ್ದನೆಯ ಸಭಾಂಗಣ. ಹುದ್ದೆಯ ಪ್ರಕಾರ ಕುರ್ಚಿಗಳು: ಮುಂದಿನವಕ್ಕೆ ಮೆತ್ತೆ, ಹಿಂದಿನವಕ್ಕೆ ಬರೀ ಮರ. ಡೈರೆಕ್ಟರ ಮುಂದೆ ಚೀಟಿ ಹಾಕುವ ಡಬ್ಬಿ.

"ನಿನ್ನ ಪೇಪರ್ ಏನಾಯ್ತಮ್ಮ?" ಎಂದು ಡೈರೆಕ್ಟರು ಕೇಳಿದರು.

ಅಕ್ಕ ಎದ್ದಳು. "ಇನ್ನೂ ಆಗಿಲ್ಲ ಸಾರ್. ಶುರುವಾಗಿದೆ."

"ಶುರುವಾಗಿದ್ದನ್ನ ಎಣಿಸೋಕೆ ಬರಲ್ವಲ್ಲ. ಹಾಗಾದ್ರೆ ಮೇಲಿನ ಮಹಡಿ..."

"ಸಾರ್, ನನ್ನ ವರದಿ ಮೊದಲು" ಎಂದು ಲೆಕ್ಕದ ಮೇಡಂ ಎದ್ದುಬಿಟ್ಟಳು. ಅವಳು ಸರ್ಕಾರದ ಕಡೆಯವಳು, ತಡೆಯುವ ಹಾಗಿಲ್ಲ. ಅವಳು ಒಂದ್‌ಮಾರ್ಕಿನತ್ತ ತಿರುಗಿದಳು. "ನಿಮ್ಮ ಕೊನೇ ಪೇಪರಿನಲ್ಲಿ ಮಣ್ಣನ್ನ ಎರಡು ಪದರ ಮಾಡಿ ತೂಗಿದೀರಿ. ಯಾಕೆ ಹಾಗೆ?"

ಒಂದ್‌ಮಾರ್ಕಿನ ಕತ್ತು ತಾನಾಗಿಯೇ ಅಕ್ಕನ ಕಡೆ ಹೊರಳಿತು.

"ಸರಿ. ನೀವು ಸಾರ್, ಉಪ್ಪಿನ ಲೆಕ್ಕಕ್ಕೆ ಆ ಸೂತ್ರಾನೇ ಯಾಕೆ ಹಿಡಿದ್ರಿ?"

"ಅದು..." ಎಂದು ಉಪ್ಪಿನ ಸಾರ್ ಅಕ್ಕನನ್ನು ನೋಡಿದರು. ಹುಡುಗಿಯರನ್ನು ಕೇಳಿದಾಗ ಅವರೂ ನೋಡಿದರು. ಮನೆಯಲ್ಲಿ ನಿತ್ಯ ಮಾಡುವುದನ್ನು ಇಲ್ಲಿಯೂ ಮಾಡಿದರು ಅಷ್ಟೇ, ಅಡುಗೆಮನೆಯ ಚಾಳಿ. ಅಕ್ಕ ಕೆಂಪಾಗಿ ತಲೆ ತಗ್ಗಿಸಿದಳು.

"ಸಾರ್" ಮೇಡಂ ಅಂದಳು, "ನಾನು ಬೇರೆ ಕೇಂದ್ರಗಳಲ್ಲೂ ನೋಡಿದೀನಿ. ಹೋಗಿ ಬಂದೋರ ಪೇಪರು ಕಡಿಮೆ ಆಗುತ್ತೆ. ಅವರ ಸುತ್ತ ಇರೋರದ್ದು ಹೆಚ್ಚಾಗುತ್ತೆ. ನಾವು ಒಂದು ದೀಪ ತಂದಿಟ್ಟು, ದೀಪದ ಬುಡದಲ್ಲಿ ಬೆಳಕು ಅಳೀತಿದೀವಿ. ಮಳೆಗಾಲದಲ್ಲಿ ಇವರು" ಎಂದು ನನ್ನತ್ತ ಕೈ ತೋರಿಸಿದಳು, "ಬಾಗಿಲು ಹಾಕಿದ್ರು. ಆ ಎರಡು ತಿಂಗಳು ನಿಮ್ಮ ಕೇಂದ್ರದಿಂದ ಒಂದೇ ಒಂದು ಪೇಪರೂ ಹೊರಗೆ ಹೋಗಿಲ್ಲ."

ಇಡೀ ಸಭಾಂಗಣ ತಿರುಗಿ ನನ್ನನ್ನು ನೋಡಿತು. "ಯಾರಿವನು?" ಎಂದರು ಡೈರೆಕ್ಟರು.

"ನನ್ನ ತಮ್ಮ ಸಾರ್" ಎಂದಳು ಅಕ್ಕ.

ಆಗ ಒಂದ್‌ಮಾರ್ಕು ಎದ್ದು ನಿಂತ. ಚೀಟಿಯಿಲ್ಲ, ಏನಿಲ್ಲ. "ಸಾರ್, ಒಂದು ಪ್ರಶ್ನೆ." ಪಕ್ಕದವರು ಅವನ ಅಂಗಿ ಎಳೆದರು. "ನಾನು ಹೋಗದೇನೂ ಸಾಧಿಸಿದೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೋನು. ಒಬ್ಬನೇ ಸಾಧಿಸಿದ್ದು ಏನು ಅಂತ ಈ ಮಳೆಗಾಲದಲ್ಲಿ ಗೊತ್ತಾಯ್ತು: ಒಂದು ಬಕೆಟ್ ಕೆಸರು. ಇವಳನ್ನ ಮೇಲೆ ಕೂರಿಸಿದ್ರೆ, ಬರೋ ವರ್ಷದ ವರದಿಗೆ ಪೇಪರು ಎಲ್ಲಿಂದ ತರ್ತೀರಿ ಸಾರ್?"

ಡೈರೆಕ್ಟರು ಡಬ್ಬಿಯನ್ನು ನೋಡಿದರು, ಅದರೊಳಗಿಂದ ಉತ್ತರ ಬರುತ್ತದೇನೋ ಎಂಬಂತೆ. ಬರುವ ವರ್ಷ ಅವರಿಗೆ ಬಡ್ತಿಯ ವರ್ಷ, ಅದು ಕೇಂದ್ರದ ಕಾವಲುಗಾರನಿಗೂ ಗೊತ್ತು. ಅವರು ಮನಸ್ಸಿನಲ್ಲೇ ಕೂಡಿ ಕಳೆಯುವುದು ಹುಬ್ಬಿನಲ್ಲಿ ಕಾಣುತ್ತಿತ್ತು.

"ಮೇಲಿನ ಕೋಣೇಲಿ ಸ್ವಲ್ಪ ತೇವ ಇದೆ" ಎಂದರು ಕೊನೆಗೆ. "ಆರೋಗ್ಯಕ್ಕೆ ಒಳ್ಳೇದಲ್ಲ. ನೀನು ಕೆಳಗೇ ಇರಮ್ಮ. ಸಮಿತಿಗಳನ್ನೂ ಬಿಡು. ಆದ್ರೆ ಅತಿಥಿಗಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ನಗುಮುಖದೋರು ಬೇಕಲ್ಲ..." ಎಂದು ಸಾಲುಗಳ ಮೇಲೆ ಕಣ್ಣಾಡಿಸಿದರು.

ಒಂದೇ ಕ್ಷಣ. ನಗುತ್ತಿದ್ದ ಅಷ್ಟೂ ಜನ ಮುಖ ಗಂಟಿಕ್ಕಿದರು. ಉಪ್ಪಿನ ಸಾರ್ ಹಲ್ಲು ನೋವು ಬಂದವರಂತೆ ಕೆನ್ನೆ ಹಿಡಿದುಕೊಂಡರು. ಇಡೀ ಕೋಣೆಯಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದವನು ನಾನೊಬ್ಬನೇ. ಡೈರೆಕ್ಟರು ನನ್ನ ಗ್ರೀಸಿನ ಕೈ ನೋಡಿ, ನಿಟ್ಟುಸಿರಿಟ್ಟು, "ನಾನೇ ನೋಡ್ಕೋತೀನಿ ಬಿಡಿ" ಎಂದರು.

ನಾವೆಲ್ಲ ಗದ್ದಲ ಮಾಡಿಕೊಂಡು ಅಕ್ಕನ ಪ್ರಯೋಗಾಲಯಕ್ಕೆ ಹೋದೆವು. ಷೆಡ್ಡಿನ ಒಂದು ಟ್ರೇಯೂ ಬಕೆಟ್ಟುಗಳೂ ಈಗ ಅಲ್ಲಿಗೇ ಬಂದಿದ್ದವು. ಅವಳು ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಣ್ಣು ಒರೆಸಿಕೊಂಡಳೋ ಏನೋ, ನಾನು ನೋಡಲಿಲ್ಲ. ಲೆಕ್ಕದ ಮೇಡಂ ಚೀಲ ಹೆಗಲಿಗೇರಿಸಿ ಹೊರಡಲು ಬಂದಳು.

"ತುಂಬಾ ಉಪಕಾರ ಆಯ್ತು" ಎಂದಳು ಅಕ್ಕ. ಆಮೇಲೆ ತಿರುಗಿ, "ಆದ್ರೆ ನಿಮ್ಮ ವರದೀಲಿ ಒಂದು ತಪ್ಪಿದೆ."

"ಏನು?"

"ಮಳೆಗಾಲದಲ್ಲಿ ಇವರು ಯಾವತ್ತೂ ಏನೂ ಬರಿಯಲ್ಲ. ಎಲ್ಲರೂ ಟ್ರೇ, ಪ್ರಯೋಗದ ಹೊಲ ಅಂತ ಕೆಸರಲ್ಲೇ ಇರ್ತಾರೆ. ಇವನು ಬಾಗಿಲು ಹಾಕದೆ ಇದ್ದಿದ್ರೂ ಪೇಪರು ಬರ್ತಿರ್ಲಿಲ್ಲವೇನೋ. ಹೋದ ಮಳೆಗಾಲಗಳನ್ನ ನೋಡಿದ್ರಾ?"

ಮೇಡಂ ಮುಖದ ಬಣ್ಣ ಇಳಿಯಿತು. "ಇಲ್ಲ..."

"ಅಕ್ಕಾ!" ಎಂದು ನಾನು ಅರಚಿದೆ. "ಈಗ ತಾನೆ ಕೋಣೆ ಉಳೀತು! ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿನಗೆ?"

"ನೀನು ಈ ಟ್ರೇ ಹಿಡಿ, ಓರೆ ಮಾಡು. ಇನ್ನೂ ಸ್ವಲ್ಪ. ಅಲುಗಾಡಿಸ್ಬೇಡ."

ಒಂದ್‌ಮಾರ್ಕು ನಕ್ಕು, "ಅವಳು ಹೇಳೋದು ಪೂರ್ತಿ ಸರೀನೂ ಅಲ್ಲ, ಹೋದ ಮಳೆಗಾಲದಲ್ಲಿ ನಾನೊಂದು ಕಳಿಸಿದ್ದೆ" ಎಂದ. "ಯಾವುದು? ಅದು ಮಳೆ ನಿಂತ ಮೇಲೆ" ಎಂದಳು ಅಕ್ಕ. "ಮಳೆ ನಿಂತಿದ್ದು ಯಾವಾಗ ಅಂತ ಯಾರು ಹೇಳಬೇಕು?" ಎಂದರು ಉಪ್ಪಿನ ಸಾರ್. ಲೆಕ್ಕದ ಮೇಡಂ ಚೀಲ ಕೆಳಗಿಳಿಸಿ, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಲ್ಯಾಪ್‌ಟಾಪು ತೆರೆದಳು. ನನ್ನ ತೋಳು ನೋಯುತ್ತಿತ್ತು, ಟ್ರೇಯ ನೀರು ಷೂ ಒಳಗೆ ಸುರಿಯುತ್ತಿತ್ತು. ಇಷ್ಟು ಜನರಲ್ಲಿ ಒಬ್ಬರಿಗಾದರೂ ಅದು ಕಂಡಿದ್ದರೆ ಕೇಳಿ.